ದೀಪಾವಳಿಗೆ ಇಳಿಯಬೇಕಿದ್ದ ರ‍್ಯಾಮು

ಕಂಪಲಾಪುರ
17 ಆಗಸ್ಟ್ 2025

ಚಿರಂಜೀವಿ ಸಾಗರನಿಗೆ,

ನಾನು, ಮಹೇಂದ್ರ, ಬಿ.ಎ., ವಯಸ್ಸು ನಲವತ್ತಾರು, ಕಸುಬು ಹೊಗೆಸೊಪ್ಪಿನ ಬೇಸಾಯ, ಯಾರ ಒತ್ತಾಯವೂ ಇಲ್ಲದೆ ಸ್ಥಿರಬುದ್ಧಿಯಿಂದ ಬರೆದುಕೊಡುವ ತಪ್ಪೊಪ್ಪಿಗೆ ಏನೆಂದರೆ: ಕಳೆದ ಭಾನುವಾರ ನಿನ್ನ ಕೋಣೆಗೆ ನುಗ್ಗಿ, ನಿನ್ನ ಕಂಪ್ಯೂಟರ್ ಹಾಕಿ, ನಿನ್ನ ಹೆಸರಿನಲ್ಲಿ ಆ ಗುಂಡು ಹಾರಿಸುವ ಆಟವನ್ನು ಆಡಿದೆ. ಪಾಸ್‌ವರ್ಡನ್ನು ಅದು ಕೇಳಲೇ ಇಲ್ಲ. ಈ ಮನೆಯಲ್ಲಿ ಏನೂ ಕೇಳದೆ ನನ್ನನ್ನು ಒಳಗೆ ಬಿಟ್ಟುಕೊಂಡದ್ದು ಸದ್ಯಕ್ಕೆ ಅದೊಂದೇ. ನನ್ನ ತಂಡದ ಹುಡುಗರೆಲ್ಲ ಕಿವಿಯೊಳಗೇ ಬೈದರು. ಅವರಲ್ಲೊಬ್ಬ ಮಲಯಾಳಿ. ಎಚ್.ಡಿ. ಕೋಟೆ ಸಂತೆಯಲ್ಲಿ ಶುಂಠಿ ವ್ಯಾಪಾರಿಗಳ ಬಾಯಿಂದ ನಾನು ಅರ್ಧಂಬರ್ಧ ಕಲಿತಿದ್ದ ಮಲಯಾಳಂ ಆವತ್ತು ಪೂರ್ತಿ ಅರ್ಥವಾಯಿತು. ನಿನ್ನ ಹೆಸರಿನ ಪಕ್ಕದಲ್ಲಿದ್ದ ಚಿನ್ನದ ಗುರುತು ಸಂಜೆಯ ಹೊತ್ತಿಗೆ ಕಬ್ಬಿಣವಾಗಿತ್ತು.

ಅಪರಾಧ ಅಲ್ಲಿಗೇ ನಿಂತಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ಕಡೆಯ ಆಟದ ನಡುವೆ ಡಬ್ಬದೊಳಗೆ ಟಪ್ ಎಂದಿತು, ಸುಟ್ಟ ವಾಸನೆ ಬಂತು, ಪರದೆ ಕಪ್ಪಾಯಿತು. ಪಕ್ಕದ ಮನೆಯ ಚಾಮಯ್ಯ ಓಡಿಬಂದು, "ಏನ್ಲಾ ಮಯೇಂದ್ರ, ಬ್ಯಾರನ್‌ನ ಮನೆಯೊಳಕ್ಕೇ ತಂದ್ಬುಟ್ಟಾ?" ಎಂದ. ಸೊಪ್ಪು ಬೇಯಿಸುವವನಿಗೆ ಸುಟ್ಟ ವಾಸನೆ ಎಲ್ಲಿಂದ ಬಂದರೂ ಬೆಂಕಿ ಹಾಕಿ ಸೊಪ್ಪು ಹದ ಮಾಡುವ ಆ ಬ್ಯಾರನ್ ಮನೆಯೇ ನೆನಪು.

ನೀನು ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀಯ. ಅಂಚೆಯಣ್ಣನನ್ನು ಬ್ಲಾಕ್ ಮಾಡುವ ಗುಂಡಿ ಇನ್ನೂ ಬಂದಿಲ್ಲವಾದ್ದರಿಂದ ಈ ಪತ್ರ. ಮೇ ತಿಂಗಳಲ್ಲಿ ನಿನ್ನ ಸೋದರಮಾವ ನಂಜುಂಡೇಶನ ಗೃಹಪ್ರವೇಶಕ್ಕೆಂದು ಮೂವರು ಸರಗೂರಿಗೆ ಹೋದೆವು. ವಾಪಸು ಬಂದವನು ನಾನೊಬ್ಬ. ಅಲ್ಲಿ ನಾಲ್ಕು ಜನರ ಮುಂದೆ ನಿನ್ನ ಅಮ್ಮನ ಮೇಲೆ ನಾನು ಮಾಡಿದ ತಮಾಷೆಯ ವಿಷಯ ಇಲ್ಲಿ ಎತ್ತುವುದಿಲ್ಲ. ಕಂಪ್ಯೂಟರಿನ ವಿಷಯ ಮಾತ್ರ. ಹೊಸದು ಕಟ್ಟಿಸಿಕೊಡುವುದು ನನ್ನ ಜವಾಬ್ದಾರಿ. ಬಿಡಿಭಾಗ ನೀನು ಆರಿಸು, ಬೆಲೆ ನಾನು ಇಳಿಸುತ್ತೇನೆ. ಪಿರಿಯಾಪಟ್ಟಣದ ಸೊಪ್ಪಿನ ಹರಾಜಿನಲ್ಲಿ ನನ್ನ ಹೆಸರು ಏನೆಂದು ನಿನಗೆ ಗೊತ್ತೇ ಇದೆ. ಒಂದೇ ಷರತ್ತು: ಅದನ್ನು ಜೋಡಿಸಲು ನೀನು ಇಲ್ಲಿಗೆ ಬರಬೇಕು. ಬಂದು ನಾಲ್ಕು ದಿನ ಇರಬೇಕು.

ಇಂತಿ ಅಪರಾಧಿ,
ಅಪ್ಪ


ಸರಗೂರು
30 ಆಗಸ್ಟ್ 2025

ಅಪ್ಪ,

ನೀವು ನನ್ನ ಅಕೌಂಟ್ ಮುಟ್ಟಬಾರದಿತ್ತು. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಒಂದು ತಿಂಗಳು ಆಡಿ ಆ ಚಿನ್ನ ತಗೊಂಡಿದ್ದೆ.

ಸುಟ್ಟಿರೋದು ಕರೆಂಟ್ ಕೊಡೋ ಡಬ್ಬ, ಎಸ್‌ಎಂಪಿಎಸ್. ಅದು ಲೋಕಲ್ ಮಾಲು. ಹೋಗುವಾಗ ಮದರ್‌ಬೋರ್ಡನ್ನೂ ಕರೆದುಕೊಂಡು ಹೋಗಿರುತ್ತೆ. ರಿಪೇರಿ ಬೇಡ.

ನೀವು ನಿಜವಾಗಿ ಕೊಡಿಸುತ್ತೀರಿ ಅಂತ ನನಗೆ ನಂಬಿಕೆ ಇಲ್ಲ. ತಮಾಷೆ ಮಾಡಿ ಮರೆತುಬಿಡ್ತೀರಿ. ಆದರೂ ಕೇಳಿದ್ದಕ್ಕೆ ಹೇಳ್ತೀನಿ. ಐವತ್ತು ಸಾವಿರದೊಳಗೆ ಆಗಬೇಕಾದರೆ ಹಳೇ ಮಾನಿಟರ್, ಕೀಬೋರ್ಡ್ ಇಟ್ಟುಕೊಳ್ಳಬೇಕು. ಅರ್ಧದಷ್ಟು ದುಡ್ಡು ಗ್ರಾಫಿಕ್ಸ್ ಕಾರ್ಡಿಗೇ ಹೋಗುತ್ತೆ, ಅದನ್ನ ಕಡಿಮೆ ಮಾಡೋಕಾಗಲ್ಲ, ಆಟ ಓಡೋದೇ ಅದರಲ್ಲಿ. ಪ್ರೊಸೆಸರ್ ನಡುವಿನದು ಸಾಕು. ರ‍್ಯಾಮು ಹದಿನಾರು ಜಿಬಿ, ಎಂಟೆಂಟರ ಎರಡು ಕಡ್ಡಿ. ಎಸ್‌ಎಂಪಿಎಸ್ ಮಾತ್ರ ಒಳ್ಳೇ ಕಂಪನಿಯದೇ ಆಗಬೇಕು. ಕ್ಯಾಬಿನೆಟ್ ಯಾವುದಾದರೂ ಸರಿ, ಲೈಟ್ ಇರೋದು ಬೇಡ. ಅಂಗಡಿಯವರು ಮೊದಲು ಅದನ್ನೇ ತೋರಿಸ್ತಾರೆ. ಲೈಟಿಂದ ಆಟ ಓಡಲ್ಲ.

ಷರತ್ತಿನ ಬಗ್ಗೆ ಆಮೇಲೆ ನೋಡೋಣ.

ಸಾಗರ್


ಕಂಪಲಾಪುರ
10 ಸೆಪ್ಟೆಂಬರ್ 2025

ಮಗನೇ,

ನಿನ್ನ ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ಹುಣಸೂರಿಗೆ ಹೋಗಿದ್ದೆ. ಬಸ್ ನಿಲ್ದಾಣದ ಹಿಂದೆ ಮಹೇಶ್‌ಕುಮಾರ್ ಎನ್ನುವವನ ಕಂಪ್ಯೂಟರ್ ಅಂಗಡಿ ಇದೆ. ಪ್ರೊಸೆಸರ್ ಎಂದರೆ ನಮ್ಮ ಕಾಲೇಜಿನ ಪ್ರೊಫೆಸರ್ ಇದ್ದಹಾಗಂತೆ: ಬೇಗ ಬಿಸಿಯಾಗುತ್ತದೆ, ತಲೆಯ ಮೇಲೆ ಫ್ಯಾನು ಬೇಕು. ನನ್ನ ಬಳಿ ರೇಷನ್ ಕಾರ್ಡಿದೆ, ಆಧಾರ್ ಕಾರ್ಡಿದೆ, ಬೆಳೆಗಾರರ ಕಾರ್ಡಿದೆ. ಮೂರನ್ನೂ ಸೇರಿಸಿ ಕೊಟ್ಟರೂ ಗ್ರಾಫಿಕ್ಸ್ ಕಾರ್ಡು ಬರುವುದಿಲ್ಲ. ಇನ್ನು ಮದರ್‌ಬೋರ್ಡು. ಎಲ್ಲ ಭಾಗಗಳೂ ಅದರ ಮೇಲೆ ಕೂರುತ್ತವೆ, ಅದಿಲ್ಲದಿದ್ದರೆ ಒಂದಕ್ಕೊಂದು ಮಾತಾಡುವುದಿಲ್ಲ ಎಂದು ಅವನು ವಿವರಿಸಿದ. "ಗೊತ್ತಪ್ಪ, ನಮ್ಮನೇದು ಸರಗೂರಲ್ಲಿದೆ" ಎಂದೆ. ಅವನು ನಗಲಿಲ್ಲ. ನನಗೂ ಅಂಥ ನಗು ಬರಲಿಲ್ಲ.

ಒಟ್ಟು ಲೆಕ್ಕ ನಿನ್ನ ಐವತ್ತರ ಒಳಗೇ ಕೂತಿತು. ನಮ್ಮ ಮಾತು ನಡೆದದ್ದು ಹೀಗೆ.

"ಈಗ್ಲೇ ತಗಂಬುಡಿ ಸಾ. ರ‍್ಯಾಮ್ ರೇಟು ಏರ್ತದಂತೆ, ಡೀಲರ್ ಏಳ್ತಾವ್ರೆ."

"ಏರಿದ್ದು ಇಳೀಬೇಕಲ್ಲಪ್ಪ. ದೀಪಾವಳಿಗೆ ಆಫರ್ ಬುಡಲ್ವಾ?"

"ಈ ಸಲ ಯಾಕೋ ಡೌಟು ಕಣ್ ಸಾ."

"ನಾನು ಹರಾಜಲ್ಲಿ ಬೆಳೆದೋನು ಕಣಯ್ಯ. ಮಾರೋನು ಆತುರ ಮಾಡ್ತಾವ್ನೆ ಅಂದ್ರೆ ಕೊಳ್ಳೋನು ಕೂತ್ಕಬೇಕು."

ಹೀಗೆಂದು ಎದ್ದು ಬಂದೆ. ಗಾಬರಿಯಾಗಬೇಡ. ನನ್ನ ಸೊಪ್ಪಿನ ಮೂಟೆಗೆ, ಅಂದರೆ ಬೇಲ್‌ಗೆ, ಮೊದಲ ದಿನ ಹೇಳಿದ ಬೆಲೆಗೆ ನಾನು ಯಾವತ್ತಾದರೂ ಒಪ್ಪಿದ್ದುಂಟೇ? ಬೇಲನ್ನು ಗಾಡಿಗೆ ಹಾಕಿಕೊಂಡು ವಾಪಸು ಬರುತ್ತೇನೆ. ಮಾರನೆಯ ದಿನ ಅದೇ ಕಂಪನಿಯವನು ಅದೇ ಸೊಪ್ಪಿಗೆ ಕೆ.ಜಿ.ಗೆ ಐದೋ ಹತ್ತೋ ಹೆಚ್ಚು ಕೊಟ್ಟು ತೆಗೆದುಕೊಳ್ಳುತ್ತಾನೆ. 'ವಾಪಸ್ ಮಹೇಂದ್ರ' ಎಂದು ಸುಮ್ಮನೆ ಕರೆಯುತ್ತಾರೆಯೇ? ಹೊಗೆಸೊಪ್ಪಿಗೆ ಏರಲೆಂದು ಕಾಯುವವನು ರ‍್ಯಾಮಿಗೆ ಇಳಿಯಲೆಂದು ಕಾಯಲಾರನೇ? ದೀಪಾವಳಿಗೆ ರ‍್ಯಾಮೂ ಇಳಿಯುತ್ತದೆ, ಉಳಿದ ದುಡ್ಡಿಗೆ ನಿನಗೊಂದು ಒಳ್ಳೆಯ ಹೆಡ್‌ಫೋನೂ ಬರುತ್ತದೆ.

ಈ ಕಡೆ ಸೊಪ್ಪು ಬೇಯಿಸುವ ಕೆಲಸ ಮುಗಿಯುತ್ತಾ ಬಂದಿದೆ. ಊಟಕ್ಕೆ ಚಾಮಯ್ಯನ ಮನೆಯವರು ಆಗಾಗ ಮುದ್ದೆ ಕಳಿಸುತ್ತಾರೆ. ಅಮ್ಮ ಹೇಗಿದ್ದಾಳೆ ಎಂದು ನೀನು ಬರೆದಿರಲಿಲ್ಲ.

ಇಂತಿ,
ಅಪ್ಪ


ಸರಗೂರು
22 ಸೆಪ್ಟೆಂಬರ್ 2025

ಅಪ್ಪ,

ದಯವಿಟ್ಟು ಕಾಯಬೇಡಿ. ಇದು ಹೊಗೆಸೊಪ್ಪಲ್ಲ. ಮೆಮೊರಿ ಮಾಡೋ ದೊಡ್ಡ ಕಂಪನಿಗಳು ಪ್ರಪಂಚದಲ್ಲೇ ನಾಲ್ಕೈದಿವೆ, ಅವರ ಮಾಲನ್ನೆಲ್ಲ ಈಗ ದೊಡ್ಡ ದೊಡ್ಡ ಎಐ ಕಂಪನಿಗಳು ಎತ್ತಿಕೊಂಡು ಹೋಗ್ತಿವೆ ಅಂತ ಎಲ್ಲ ಕಡೆ ಬರ್ತಿದೆ. ನಮ್ಮಂಥವರಿಗೆ ಉಳಿಯಲ್ಲ. ಅಂಗಡಿಯವರು ಹೇಳಿದ್ದು ಸರಿ. ಎಲ್ಲ ಒಟ್ಟಿಗೆ ಆಗದಿದ್ದರೆ ರ‍್ಯಾಮು ಒಂದನ್ನಾದರೂ ತಗೊಂಡಿಡಿ, ಚಿಕ್ಕ ಡಬ್ಬ, ಬೀರುವಿನಲ್ಲಿ ಇರುತ್ತೆ.

ಅಮ್ಮನ ವಿಷಯದಲ್ಲೂ ನೀವು ಹೀಗೇ ಕಾದಿರಿ. ಗೃಹಪ್ರವೇಶ ಆದ ಮಾರನೇ ದಿನ ನೀವು ಕರೆದುಕೊಂಡು ಹೋಗಲು ಬರ್ತೀರಿ ಅಂತ ಅಮ್ಮ ಬ್ಯಾಗ್ ತುಂಬಿಟ್ಟುಕೊಂಡೇ ಇದ್ದಳು. ನಾಲ್ಕು ದಿನ ಆದಮೇಲೆ ಬಟ್ಟೆಯನ್ನೆಲ್ಲ ತೆಗೆದು ಅಜ್ಜಿಯ ಬೀರುವಿಗೆ ಹಾಕಿದಳು. ಅವಳೇ ಬರಲಿ ಅಂತ ನೀವು ಇದ್ದಿರಿ ಅಂತ ನನಗೂ ಗೊತ್ತು, ಅವಳಿಗೂ ಗೊತ್ತು. ಅವತ್ತೇ ನಾನು ನಿಮ್ಮ ನಂಬರ್ ಬ್ಲಾಕ್ ಮಾಡಿದ್ದು.

ಅವಳು ಚೆನ್ನಾಗಿದ್ದಾಳೆ. ಮಾವನ ಅಂಗಡಿಯ ಬಿಲ್ ಕೆಲಸ ನೋಡ್ಕೊಳ್ತಾಳೆ. ನಿಮ್ಮ ಎರಡೂ ಪತ್ರ ಓದಿದಳು. ಮಡಚಿ ನನ್ನ ಕೈಗೇ ಕೊಟ್ಟಳು.

ಸಾಗರ್


ಕಂಪಲಾಪುರ
27 ಅಕ್ಟೋಬರ್ 2025

ಮಗನೇ ಸಾಗರ,

ನಿನ್ನ ಪತ್ರಕ್ಕೆ ತಕ್ಷಣ ಉತ್ತರಿಸಲಿಲ್ಲ. ನಾಲ್ಕು ಸಲ ಬರೆಯಲು ಕೂತೆ. ಕೊನೆಗೆ ಮಾತಿಗಿಂತ ಕೆಲಸವೇ ಉತ್ತರವಾಗಲಿ ಎಂದುಕೊಂಡೆ.

ಕಂಪ್ಯೂಟರ್ ಸಿದ್ಧವಾಗಿದೆ.

ನೀನು ಹೇಳಿದ ಮೇಲೆ ಕಾಯಲಿಲ್ಲ. ಆಯುಧಪೂಜೆಯ ಮೊದಲೇ ಹುಣಸೂರಿಗೆ ಹೋಗಿ ನೀನು ಬರೆದಿದ್ದನ್ನೆಲ್ಲ ಒಂದೂ ಬಿಡದಂತೆ ತೆಗೆದುಕೊಂಡೆ. ನೀನು ಬರುವವರೆಗೆ ತಡೆಯಬೇಕಿತ್ತು, ತಡೆಯಲಾಗಲಿಲ್ಲ, ನಾನೇ ಜೋಡಿಸಿದೆ. ಪ್ರೊಸೆಸರನ್ನು ಕೂರಿಸುವಾಗ ಉಸಿರು ಬಿಡಲಿಲ್ಲ. ಅದರ ಬಿಸಿ ಎಳೆಯುವ ಆ ಬಿಳಿ ಮುಲಾಮನ್ನು ಅಕ್ಕಿಕಾಳಿನಷ್ಟೇ ಇಟ್ಟೆ. ರ‍್ಯಾಮಿನ ಕಡ್ಡಿಗಳು ಟಕ್ ಟಕ್ ಎಂದು ಕೂತಾಗ "ರಾಮ ರಾಮ" ಎಂದೆ, ಎರಡು ಕಡ್ಡಿಗೆ ಎರಡು ಸಲ. ಸ್ವಿಚ್ಚು ಹಾಕಿದರೆ ಕೆಂಪು, ನೀಲಿ, ಹಸಿರು! ನೀನು ಬೇಡವೆಂದರೂ ಲೈಟಿನ ಕ್ಯಾಬಿನೆಟ್ಟನ್ನೇ ತಂದೆ, ಕ್ಷಮಿಸು. ಒಂದು ಬದಿಗೆ ಗಾಜಿದೆ. ನಿನ್ನ ಕೋಣೆಯ ಮೇಜಿನ ಮೇಲೆ ಇಟ್ಟಿದ್ದೇನೆ. ಸಂಜೆ ಹೊತ್ತು ಆ ಕೋಣೆಯಲ್ಲಿ ಬೆಳಕಿರುವುದನ್ನು ಕಂಡು ರಸ್ತೆಯಲ್ಲಿ ಹೋಗುವವರು, "ಏನ್ ಮಯೇಂದ್ರಣ್ಣ, ಮಗ ಬಂದವ್ನಾ?" ಎಂದು ಕೇಳುತ್ತಾರೆ.

ಇನ್ನೇನು, ನೀನೊಬ್ಬ ಬಂದು ಕೂರುವುದು ಬಾಕಿ.

ಇಂತಿ,
ಅಪ್ಪ


ಸರಗೂರು
5 ನವೆಂಬರ್ 2025

ಅಪ್ಪ,

ಪತ್ರ ಓದಿ ಕಾಲೇಜಿಗೆ ಹೋಗೋದೇ ಲೇಟಾಯ್ತು. ನೀನೇ ಜೋಡಿಸಿದೆಯಾ? ಮುಲಾಮಿನ ವಿಷಯ ಯಾರು ಹೇಳಿಕೊಟ್ಟರು? ಫಸ್ಟ್ ಟೈಮ್‌ಗೇ ಆನ್ ಆಯ್ತಾ? ರ‍್ಯಾಮನ್ನ ಎರಡನೇ ಮತ್ತೆ ನಾಲ್ಕನೇ ಜಾಗಕ್ಕೆ ಹಾಕಬೇಕು, ಅಕ್ಕಪಕ್ಕ ಹಾಕಿದ್ದರೆ ಸ್ಪೀಡ್ ಕಮ್ಮಿ ಬರುತ್ತೆ, ನೋಡು. ಟೆಂಪರೇಚರ್ ಎಷ್ಟು ತೋರಿಸುತ್ತೆ? ಫ್ಯಾನ್ ಸದ್ದು ಜಾಸ್ತಿ ಇದೆಯಾ? ಆಟವನ್ನ ನೀನು ಹಾಕಬೇಡ, ನಾನೇ ಬಂದು ಹಾಕ್ತೀನಿ. ಅಕೌಂಟಂತೂ ಮುಟ್ಟಲೇಬೇಡ.

ನಿನ್ನ ನಂಬರ್ ಅನ್‌ಬ್ಲಾಕ್ ಮಾಡಿದ್ದೀನಿ. ಮೂರು ಸಲ ಕಾಲ್ ಮಾಡಿದೆ, ನೀನು ಎತ್ತಲಿಲ್ಲ. ಗಾಜಿನ ಕಡೆಯಿಂದ ಒಂದು ಫೋಟೋ ಕಳಿಸು, ಒಳಗಡೆ ಕಾಣೋ ಹಾಗೆ. ನನ್ನ ಫ್ರೆಂಡ್ಸಿಗೆಲ್ಲ ಹೇಳಿದ್ದೀನಿ.

ನಿನ್ನ
ಸಾಗರ್


ಕಂಪಲಾಪುರ
19 ನವೆಂಬರ್ 2025

ಮಗನೇ,

ಫೋನು ಕೃಷಿಹೊಂಡಕ್ಕೆ ಬಿತ್ತು. ಅದೂ ಈಜು ಬರದ ಫೋನು. ರಿಪೇರಿಗೆ ಕೊಟ್ಟಿದ್ದೇನೆ, ಯಾವಾಗ ಬರುತ್ತದೋ ಗೊತ್ತಿಲ್ಲ. ಫೋಟೋ ಆಮೇಲೆ.

ರ‍್ಯಾಮು ನೀನು ಹೇಳಿದ ಜಾಗದಲ್ಲೇ ಇದೆ. ಟೆಂಪರೇಚರ್ ಹಿತವಾಗಿದೆ. ಸದ್ದೇನೂ ಇಲ್ಲ. ಕಂಪ್ಯೂಟರ್ ಎಲ್ಲಿಗೂ ಓಡಿಹೋಗುವುದಿಲ್ಲ, ನೀನು ಪರೀಕ್ಷೆಯ ಕಡೆ ಗಮನ ಕೊಡು. ಆತುರಪಟ್ಟು ಬರಬೇಕಾಗಿಲ್ಲ.

ಹರಾಜು ನಡೆಯುತ್ತಿದೆ. ಚಳಿ ಶುರುವಾಗಿದೆ.

ಇಂತಿ,
ಅಪ್ಪ


ಸರಗೂರು
4 ಜನವರಿ 2026

ಅಪ್ಪ,

ನಿನ್ನ ಫೋನು ಇನ್ನೂ ಸರಿ ಹೋಗಿಲ್ಲ ಅನಿಸುತ್ತೆ. ರಿಂಗ್ ಆಗುತ್ತೆ, ಯಾರೂ ಎತ್ತಲ್ಲ.

ಒಂದು ವಿಷಯ ಹೇಳಲೇಬೇಕು. ರ‍್ಯಾಮಿನ ರೇಟು ಈಗ ಎಷ್ಟಾಗಿದೆ ಗೊತ್ತಾ? ನೀನು ತಗೊಂಡಾಗ ಇದ್ದದ್ದರ ಮೂರರಷ್ಟು! ನನ್ನ ಕ್ಲಾಸಿನ ಒಬ್ಬ ಹುಡುಗ ಕಾದು ಕಾದು ಈಗ ಆಸೆಯನ್ನೇ ಬಿಟ್ಟಿದ್ದಾನೆ. ನೀನು ಆಗಲೇ ತಗೊಂಡದ್ದು ಎಷ್ಟು ಒಳ್ಳೇದಾಯ್ತು. ನಿನ್ನೆ ಊಟಕ್ಕೆ ಕೂತಾಗ ನಂಜುಂಡೇಶ ಮಾವ, "ನಿಮ್ಮಪ್ಪ ಬರೀ ಬಾಯಿ ಕಣ್ಲಾ" ಅಂದರು. ನಾನು ರೇಟನ್ನೆಲ್ಲ ತೋರಿಸಿ, ಅಪ್ಪ ಈ ಸಲ ಕಾಯಲಿಲ್ಲ, ನಾನು ಹೇಳಿದ ತಕ್ಷಣ ಹೋಗಿ ತಂದರು ಅಂದೆ. ಮಾವ ರೇಟನ್ನ ಇನ್ನೊಂದು ಸಲ ನೋಡಿದರು.

ಆಮೇಲೆ ಪಾತ್ರೆ ತೊಳೆಯುವಾಗ ಅಮ್ಮ ನನ್ನನ್ನು ಕರೆದು, "ನಿಜವಾಗ್ಲೂ ನಿನ್ ಮಾತು ಕೇಳಿ ಓಗಿ ತಗಂಡವ್ರಾ?" ಅಂದಳು. ಹೌದು ಅಂದೆ. "ಇಷ್ಟು ವರ್ಸಕ್ಕೆ ಒಂದ್ಸಲನಾದ್ರೂ ಬೇರೆಯೋರ ಮಾತು ಕಿವಿಗೆ ಆಕಂಡ್ರಲ್ಲ, ಬುಡು" ಅಂದಳು. ಬೆಳಿಗ್ಗೆ ಎದ್ದು ನೋಡಿದರೆ ಅಮ್ಮ ಅಜ್ಜಿಯ ಬೀರುವಿಂದ ತನ್ನ ಬಟ್ಟೆ ತೆಗೆದು ಮಂಚದ ಮೇಲೆ ಇಟ್ಟುಕೊಂಡಿದ್ದಳು.

ಸಂಕ್ರಾಂತಿ ಮುಗಿಸಿ 17ನೇ ತಾರೀಖು ಶನಿವಾರ ಬರ್ತೀವಿ. ನಾನೊಬ್ಬನೇ ಅಲ್ಲ, ಅಮ್ಮನೂ. ಅವಳೇ ಹೇಳಿದ್ದು, ನಾನು ಕೇಳಿರಲಿಲ್ಲ. ಮನೆ ಗುಡಿಸಿಡು.

ನಿನ್ನ
ಸಾಗರ್


ಕಂಪಲಾಪುರ
12 ಜನವರಿ 2026

ಸಾಗರ,

ಈ ಪತ್ರ ಶನಿವಾರಕ್ಕೆ ಮೊದಲು ನಿನ್ನ ಕೈಗೆ ಸೇರಲೆಂದು ಸ್ಪೀಡ್ ಪೋಸ್ಟಿಗೆ ಹಾಕುತ್ತಿದ್ದೇನೆ. ಫೋನು ಹೊಂಡಕ್ಕೆ ಬಿದ್ದಿರಲಿಲ್ಲ. ನೀನು ಕರೆ ಮಾಡಿದಾಗಲೆಲ್ಲ ಅದು ನನ್ನ ಕೈಯಲ್ಲೇ ಇತ್ತು. ನಿನ್ನ ಹೆಸರು ಬೆಳಗಿ ಆರುವವರೆಗೆ ನೋಡುತ್ತಿದ್ದೆ. ನೀನು ಬ್ಲಾಕ್ ಮಾಡಿದ್ದಾಗ ದಿನಾ ಕರೆ ಮಾಡಿ ನೋಡುತ್ತಿದ್ದವನು, ನೀನೇ ಕರೆದಾಗ ಎತ್ತಲಿಲ್ಲ. ಎತ್ತಿದ್ದರೆ ಡಬ್ಬದ ಒಳಗಡೆ ತೋರಿಸು ಎನ್ನುತ್ತಿದ್ದೆ ನೀನು.

ಕಂಪ್ಯೂಟರ್ ಇಲ್ಲ. ಕ್ಯಾಬಿನೆಟ್ ಒಂದೇ ಇರುವುದು.

ಆಯುಧಪೂಜೆಗೆ ಮೊದಲು ನಾನು ಹುಣಸೂರಿಗೆ ಹೋಗಲೇ ಇಲ್ಲ. ನಿನ್ನ ಪತ್ರ ಓದಿದ ಮೇಲೂ ದೀಪಾವಳಿಗೆ ಇಳಿಯುತ್ತದೆ ಎಂದೇ ಕೂತಿದ್ದೆ. ದೀಪಾವಳಿಗೆ ಹೋದರೆ ರ‍್ಯಾಮು ಏರಿ ಕೂತಿತ್ತು. ಮಹೇಶ್‌ಕುಮಾರ್, "ಇನ್ನೂ ಏರ್ತದೆ ಸಾ, ಇವತ್ತಾದ್ರೂ ತಗಳಿ" ಎಂದ. ಅಂದು ಹೇಗೋ ಹೊಂದಿಸಬಹುದಿತ್ತು. ತಿಂಗಳ ಹಿಂದೆ ಅವನೆದುರು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಾಗದೆ, "ಇಳೀಲಿ, ನೋಡುವ" ಎಂದುಬಿಟ್ಟೆ. ಬರಿಗೈಯಲ್ಲಿ ಮನೆಗೆ ಬರಲಾಗದೆ ಕ್ಯಾಬಿನೆಟ್ಟನ್ನು ತಂದೆ. ಅವನು ಒಂದು ಸಣ್ಣ ಅಡಾಪ್ಟರ್ ಕೊಟ್ಟು, ಲೈಟು ಮತ್ತು ಫ್ಯಾನು ಮಾತ್ರ ಓಡುವಂತೆ ಮಾಡಿಕೊಟ್ಟ. ಅದರ ಒಳಗೆ ಪೆಟ್ಟಿಗೆಯ ಜೊತೆಗೆ ಬಂದ ಥರ್ಮಾಕೋಲ್ ಇದೆ, ಇನ್ನೇನೂ ಇಲ್ಲ. ಗಾಜಿನ ಬದಿಯನ್ನು ಗೋಡೆಗೆ ತಿರುಗಿಸಿಟ್ಟಿದ್ದೇನೆ. ಮುಲಾಮು, ಅಕ್ಕಿಕಾಳು, ಟಕ್ ಟಕ್, ಎಲ್ಲವನ್ನೂ ಒಂದು ವೀಡಿಯೋ ನೋಡಿ ಬರೆದೆ. ಮೊನ್ನೆ ಚಾಮಯ್ಯ ಬಂದು ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು, "ಇದು ಏನ್ ಮಾಡ್ತದ್ಲಾ?" ಎಂದು ಕೇಳಿದ. "ತಿರುಗ್ತದೆ" ಎಂದೆ. "ಅಷ್ಟೇಯಾ?" ಎಂದ.

ಈ ಸಲದ ಬೇಲುಗಳನ್ನೂ ವಾಪಸು ತಂದಿದ್ದೆ. ಗೋದಾಮಿನಲ್ಲಿ ಥಂಡಿ ಹಿಡಿದು ಸೊಪ್ಪು ಮೆತ್ತಗಾಯಿತು. ಮೊದಲ ದಿನ ಬೇಡವೆಂದ ಬೆಲೆಯ ಅರ್ಧಕ್ಕೆ ಹೋಯಿತು. ಈಗ ನಿನ್ನ ಕಂಪ್ಯೂಟರಿಗೆ ಬೇಕಾದ್ದರಲ್ಲಿ ಗ್ರಾಫಿಕ್ಸ್ ಕಾರ್ಡು ಕೊಂಡರೆ ರ‍್ಯಾಮಿಗಿಲ್ಲ, ರ‍್ಯಾಮು ಕೊಂಡರೆ ಉಳಿದದ್ದಕ್ಕಿಲ್ಲ.

ನೀನು ನಿನ್ನ ಮಾವನ ಎದುರು ನನ್ನ ಪರವಾಗಿ ಮಾತಾಡಿದೆ. ಆ ಸಾಲುಗಳನ್ನು ಎಷ್ಟು ಸಲ ಓದಿದೆನೋ. ಅವನು ಹೇಳಿದ್ದೇ ನಿಜವೆಂದು ಅವನಿಗೆ ತಿಳಿಸು. ಅಮ್ಮನಿಗೆ ಈ ಪತ್ರವನ್ನೇ ಓದಲು ಕೊಡು. ಅವಳು ಬಟ್ಟೆ ತೆಗೆದಿಟ್ಟುಕೊಂಡದ್ದು ಯಾವನೋ ಒಬ್ಬ ಮಾತು ಕೇಳುವ ಗಂಡ ಇಲ್ಲಿದ್ದಾನೆಂದು ನಂಬಿ. ಅಂಥವನು ಇಲ್ಲಿಲ್ಲ. ಬರಬೇಡಿ ಎಂದು ಬರೆಯಲು ಕೈ ಏಳುವುದಿಲ್ಲ. ಬನ್ನಿ ಎನ್ನುವ ಮುಖವೂ ಇಲ್ಲ. ಮನೆಯನ್ನಂತೂ ಗುಡಿಸಿದ್ದೇನೆ.

ಗೃಹಪ್ರವೇಶದ ದಿನ ನಾನು ಎಲೆಯ ಮುಂದೆ ಕೂತು ಅವಳ ಅಣ್ಣತಮ್ಮಂದಿರಿಗೆಲ್ಲ ಕೇಳುವ ಹಾಗೆ ಹೇಳಿದ್ದು ಇದು: "ಇವಳನ್ನ ಒಂದಿನ ಅರಾಜಿಗೆ ಕಳ್ಸಿದ್ರೆ ಬೇಲ್ನ ಬಿಟ್ಟಿ ಕೊಟ್ಟು, ಮೇಲೆ ಕಾಪಿನೂ ಕುಡಿಸಿ ಕಳಿಸ್ತಾಳೆ." ಎಲ್ಲರೂ ನಕ್ಕರು. ಅವಳು ಪಾಯಸದ ಪಾತ್ರೆ ಹಿಡಿದು ನಿಂತಿದ್ದಳು. ಅವಳು ಒಂದೇ ಒಂದು ಮಾತು ಆಡಿದ್ದರೆ ಆ ನಗು ನನ್ನ ಕಡೆಗೆ ತಿರುಗುತ್ತಿತ್ತು. ಆಡಲಿಲ್ಲ. ಮುಂದಿನ ಎಲೆಗೆ ಪಾಯಸ ಬಡಿಸಿದಳು.

ಆ ಮಾತನ್ನು ಈಗ ನಾನೇ ಆಡುತ್ತೇನೆ. ನಾನಾಗಿ ವಾಪಸು ತಂದ ಬೇಲ್‌ಗೆ ಮಾರನೆಯ ದಿನ ಹೆಚ್ಚು ಸಿಕ್ಕಿದ್ದೇ ಇಲ್ಲ. ಪ್ರತಿ ಸಲವೂ ಕಡಿಮೆಗೆ ಮಾರಿ, ಊರಿಗೆ ಬಂದು ಹೆಚ್ಚು ಹೇಳಿದೆ. ಹೆಚ್ಚು ಸಿಕ್ಕಿದ್ದು ಒಂದೇ ಸಲ, ನೀನು ಮೂರನೇ ಕ್ಲಾಸಿನಲ್ಲಿದ್ದ ವರ್ಷ. 'ವಾಪಸ್ ಮಹೇಂದ್ರ' ಎಂಬ ಹೆಸರು ಹುಟ್ಟಿದ್ದೂ ಆವತ್ತೇ. ನಾನು ಹೊರಗೆ ಟೀ ಕುಡಿಯುತ್ತಾ ಯಾರಿಗೋ ಜೋಕು ಹೇಳುತ್ತಿದ್ದೆ. ಬೇಲ್‌ನ ಪಕ್ಕ ನಿಂತು, ಈ ಬೆಲೆ ಸಾಲದು ಎಂದು ಹೇಳಿ ಅದನ್ನು ಗಾಡಿಗೆ ಹಾಕಿಸಿದ್ದು ನಿನ್ನ ಅಮ್ಮ.

ಇಂತಿ,
ಮಹೇಂದ್ರ